ಅಪ್ಪ ಎತ್ತು ಮಾರಿದ್ದು ಯಾವತ್ತು?

(ಚಿತ್ರದುರ್ಗ ಜಿಲ್ಲೆಯ ಗ್ರಂಥಾಲಯವೊಂದರಲ್ಲಿ ಓದುಗರ ಮುಂದೆ ಆಡಿದ ಮಾತಿನ ಬರಹ ರೂಪ)

ನಮ್ಮಪ್ಪ ಎತ್ತು ಮಾರಿದ ದಿನದಿಂದ ಶುರು ಮಾಡುತ್ತೇನೆ. ಆಗ ನಾನು ಪಿಯುಸಿ ಓದುತ್ತಿದ್ದೆ. ಒಂದು ದಿನ ಬೆಳಿಗ್ಗೆ ಅಪ್ಪ ಎದ್ದ, ಎತ್ತುಗಳ ಮೈ ತೊಳೆದ, ಕೊಂಬಿಗೆ ಎಣ್ಣೆ ಸವರಿದ, ಹೊಡಕೊಂಡು ಸಂತೆಗೆ ಹೋದ. ಸಂಜೆ ಬಂದಾಗ ಅವನ ಕೈಯಲ್ಲಿ ಎರಡು ಹಗ್ಗ ಮಾತ್ರ ಇದ್ದವು. ಮನೆಯಲ್ಲಿ ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಅಜ್ಜಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಊರವರು ಕಟ್ಟೆ ಮೇಲೆ ಕೂರಿಸಿಕೊಂಡು ಕೇಳಿದರು, "ಏನಪ್ಪಾ, ದಿಢೀರಂತ ಹಿಂಗೆ ಮಾಡಿಬಿಟ್ಟೆ?" ಅಪ್ಪ "ಯಾಕೋ ಮನಸ್ಸಾಯ್ತು" ಅಂದ. ಅಷ್ಟೇ. ಆಮೇಲೆ ಹೊಲವನ್ನು ಕೋರಿಗೆ ಕೊಟ್ಟ. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ತೂಕದ ಕೆಲಸಕ್ಕೆ ಸೇರಿಕೊಂಡ. ಮತ್ತೆ ನೇಗಿಲು ಹಿಡಿಯಲಿಲ್ಲ.

ನಾನು ತುಂಬಾ ವರ್ಷ ಇದನ್ನು ಹಾಗೇ ನಂಬಿದ್ದೆ. ನಮ್ಮಪ್ಪ ದಿಢೀರ್ ನಿರ್ಧಾರದ ಮನುಷ್ಯ ಅಂತ ಗೆಳತಿಯರಿಗೆ ಹೇಳಿಕೊಂಡೂ ತಿರುಗಿದ್ದೆ.

ಅಪ್ಪ ಹೋದ ಮೇಲೆ ಒಂದು ಮಧ್ಯಾಹ್ನ ಅವ್ವ, ನಾನು ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆವು. ಆ ಸಂತೆಯ ಮಾತು ಬಂತು. ಅವ್ವ ತಲೆ ಎತ್ತದೆ ಹೇಳಿದಳು, "ನಿಮ್ಮಪ್ಪ ಎತ್ತು ಮಾರಿದ್ದು ಅವತ್ತಲ್ಲ ಕಣವ್ವ. ಮೂರು ವರ್ಷದ ಹಿಂದೇನೇ ಮಾರಿದ್ದ." ನನಗೆ ಅರ್ಥ ಆಗಲಿಲ್ಲ. ಆಮೇಲೆ ಅವಳೇ ಬಿಡಿಸಿ ಹೇಳಿದಳು. ಎತ್ತು ಮಾರುವುದಕ್ಕೆ ಮೂರು ವರ್ಷ ಮೊದಲು ಮಳೆ ಕೈಕೊಟ್ಟಿತ್ತು. ಹಾಕಿದ ಬೀಜವೂ ವಾಪಸು ಬಂದಿರಲಿಲ್ಲ. ಆ ವರ್ಷದಿಂದ ಅಪ್ಪ ಹೊಸ ಹಗ್ಗ ತರಲಿಲ್ಲ. ಹರಿದರೆ ಗಂಟು ಹಾಕಿಕೊಂಡ. ನೊಗ ಸೀಳು ಬಿಟ್ಟಿತ್ತು, ಬಡಗಿಗೆ ಹೇಳಿ ಕಳಿಸಲಿಲ್ಲ, ತಂತಿ ಸುತ್ತಿದ. ಪ್ರತಿ ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ತರುತ್ತಿದ್ದವನು ಅದನ್ನೂ ಬಿಟ್ಟ. "ಬಾಯಿ ಸುಮ್ನಿತ್ತು. ಕೈ ಮಾತ್ರ ಹೇಳ್ತಿತ್ತು" ಅಂದಳು ಅವ್ವ. ಅವಳು ಶಾಲೆಗೆ ಹೋದವಳಲ್ಲ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು. ಆದರೆ ಇತಿಹಾಸವನ್ನು ಹೇಗೆ ಓದಬೇಕು ಅನ್ನುವುದನ್ನು ಅವತ್ತು ಅವಳಿಂದ ಕಲಿತೆ.

ಇವತ್ತಿನ ನನ್ನ ಮಾತು ಇಷ್ಟೇ. ದೊಡ್ಡ ನಿರ್ಧಾರಕ್ಕೆ ನಾವು ಒಂದು ತಾರೀಖು ಹಾಕಿ ಇಟ್ಟಿರುತ್ತೇವೆ. ಆ ತಾರೀಖು ಬಾಯಿಗೆ ಸೇರಿದ್ದು. ಕೈ ಬೇರೆಯದೇ ಲೆಕ್ಕ ಇಟ್ಟಿರುತ್ತದೆ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಒಂದು ಸಾಕ್ಷಿ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಎಷ್ಟು ಜನ ನೋಡಿದ್ದೀರಿ? ಕೈ ಎತ್ತಿ. ಸ್ವಲ್ಪ ಜನ ಇದ್ದೀರಿ, ಉಳಿದವರು ದಯವಿಟ್ಟು ಹೋಗಿಬನ್ನಿ. ಅಲ್ಲೊಂದು ಕರಿಕಲ್ಲಿನ ಗುಂಡು ಇದೆ. ಸುತ್ತಲ ಊರವರು ಅದನ್ನು ಅಕ್ಷರಗುಂಡು ಅಂತ ಕರೆಯುತ್ತಿದ್ದರು. ಏನೋ ಬರೆದಿದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಏನು ಬರೆದಿದೆ ಅನ್ನುವುದು ಗೊತ್ತಿರಲಿಲ್ಲ. 1892ರಲ್ಲಿ ಶಾಸನ ಸಂಶೋಧಕ ಬಿ.ಎಲ್. ರೈಸ್ ಅವರು ಅದನ್ನು ಗುರುತಿಸಿದರು. ಹತ್ತಿರದಲ್ಲೇ ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಇಂಥವೇ ಬರಹ ಸಿಕ್ಕವು. ಅಶೋಕ ಚಕ್ರವರ್ತಿಯ ಶಾಸನಗಳು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಚಪಡ ಅನ್ನುವ ಲಿಪಿಕಾರ ತನ್ನ ಹೆಸರಿನ ಹತ್ತಿರ ಒಂದು ಪದವನ್ನು ಖರೋಷ್ಠಿಯಲ್ಲಿ, ಅಂದರೆ ಬಲದಿಂದ ಎಡಕ್ಕೆ ಬರೆಯುವ ವಾಯವ್ಯ ಸೀಮೆಯ ಲಿಪಿಯಲ್ಲಿ ಬರೆದಿದ್ದಾನೆ. ಎಲ್ಲಿಯ ಲಿಪಿ, ಎಲ್ಲಿಯ ಮೊಳಕಾಲ್ಮೂರು! ಆ ಮನುಷ್ಯನ ಬಗ್ಗೆ ಮಾತಾಡಲು ಹೊರಟರೆ ಇವತ್ತು ಮುಗಿಯುವುದಿಲ್ಲ, ಬಿಡಿ.

ಅಶೋಕ ಅಂದ ಕೂಡಲೇ ನಿಮಗೆ ನೆನಪಾಗುವ ಚಿತ್ರ ಯಾವುದು? ಕಳಿಂಗದ ರಣರಂಗ. ರಾಶಿ ಹೆಣ. ನಡುವೆ ರಾಜ ನಿಂತಿದ್ದಾನೆ, ಕೈಯಿಂದ ಕತ್ತಿ ಜಾರುತ್ತದೆ, ಆ ಕ್ಷಣದಲ್ಲೇ ಬೇರೆ ಮನುಷ್ಯ ಆಗುತ್ತಾನೆ. ಶಾಲೆಯ ನಾಟಕದಲ್ಲಿ ಆಡಿಸಿದ್ದೇವೆ, ನಾನೇ ಆಡಿಸಿದ್ದೇನೆ. ಕಳಿಂಗ ಯುದ್ಧ ನಡೆದದ್ದು ನಿಜ, ಕ್ರಿ.ಪೂ. 261ರ ಸುಮಾರಿಗೆ. ಪಟ್ಟಕ್ಕೆ ಬಂದು 8 ವರ್ಷ ಆದ ಮೇಲೆ ಅಂತ ಅವನ 13ನೇ ಬಂಡೆ ಶಾಸನವೇ ಹೇಳುತ್ತದೆ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಿದರು ಅಂತ ಲೆಕ್ಕ ಕೊಡುತ್ತದೆ. ಪಶ್ಚಾತ್ತಾಪವೂ ಅಲ್ಲೇ ಇದೆ. ಯಾವ ರಾಜ ತಾನು ಗೆದ್ದ ಯುದ್ಧದ ಬಗ್ಗೆ ಹೀಗೆ ಬರೆಸಿದ್ದಾನೆ ಹೇಳಿ.

ಈಗ ನಮ್ಮ ಅಕ್ಷರಗುಂಡಿನ ಮುಂದೆ ನಿಲ್ಲಿ. ಇದರಲ್ಲಿ ಕಳಿಂಗದ ಹೆಸರೇ ಇಲ್ಲ. ಬದಲಿಗೆ ಅಶೋಕ ತನ್ನ ಬಗ್ಗೆ ಒಂದು ಲೆಕ್ಕ ಒಪ್ಪಿಸುತ್ತಾನೆ. ನನ್ನ ಮಾತಿನಲ್ಲಿ ಹೇಳುತ್ತೇನೆ: ನಾನು ಉಪಾಸಕ, ಅಂದರೆ ಸಂಸಾರದಲ್ಲಿದ್ದೇ ಬುದ್ಧನ ದಾರಿ ಹಿಡಿದವನು, ಆಗಿ ಎರಡೂವರೆ ವರ್ಷಕ್ಕೂ ಜಾಸ್ತಿ ಆಯಿತು. ಆದರೆ ಒಂದು ವರ್ಷ ನಾನು ಅಷ್ಟೇನೂ ಶ್ರಮ ಪಡಲಿಲ್ಲ. ಬೌದ್ಧ ಭಿಕ್ಷುಗಳ ಸಂಘದ ಹತ್ತಿರ ಬಂದು ಈಗ ಒಂದು ವರ್ಷಕ್ಕೂ ಮೇಲಾಯಿತು, ಈಗ ಚೆನ್ನಾಗಿ ಶ್ರಮ ಪಡುತ್ತಿದ್ದೇನೆ.

ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಝುಂ ಅಂದಿತು. ಇಡೀ ಜಂಬೂದ್ವೀಪ ಆಳುವವನು ಕಲ್ಲಿನ ಮೇಲೆ ಬರೆಸುತ್ತಾನೆ, ಒಂದು ವರ್ಷ ನಾನು ಸುಮ್ನೆ ಇದ್ದೆ ಅಂತ. ಬರೆಸದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಟಕದಲ್ಲಿ ಒಂದು ಕ್ಷಣದಲ್ಲಿ ಆಗುವ ಬದಲಾವಣೆಗೆ ಅವನು ಸ್ವತಃ ಕೊಡುವ ಲೆಕ್ಕ ಎರಡೂವರೆ ವರ್ಷ. ಅದರಲ್ಲೂ ಒಂದು ವರ್ಷ ಬರೀ ಹೆಸರಿಗೆ. ಅಂದರೆ ಬಾಯಿ ಹೇಳಿಯಾಗಿತ್ತು, ಕೈ ಇನ್ನೂ ಹೊರಟಿರಲಿಲ್ಲ. ನಮ್ಮಪ್ಪನದು ಕೈ ಮೊದಲು, ಬಾಯಿ ಆಮೇಲೆ. ಅಶೋಕನದು ಬಾಯಿ ಮೊದಲು, ಕೈ ಆಮೇಲೆ. ಎರಡೂ ಉಂಟು. ಎರಡೂ ಒಂದೇ ದಿನ ಕೂಡಿ ಬರುವುದು ಮಾತ್ರ ಬಹಳ ಅಪರೂಪ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಸಂಗತಿ, ಇದು ನನ್ನನ್ನು ಯಾವಾಗಲೂ ಕಾಡುತ್ತದೆ. ಆ 13ನೇ ಶಾಸನವನ್ನು ಬೇರೆ ಕಡೆ ಬರೆಸಿದ ಅಶೋಕ ಕಳಿಂಗ ಸೀಮೆಯಲ್ಲೇ ಇರುವ ಧೌಲಿ ಮತ್ತು ಜೌಗಡದಲ್ಲಿ ಬರೆಸಲಿಲ್ಲ. ಅಲ್ಲಿ ಅದರ ಜಾಗದಲ್ಲಿ ಬೇರೆಯದೇ ಎರಡು ಶಾಸನಗಳಿವೆ. ಎಲ್ಲ ಜನರೂ ನನ್ನ ಮಕ್ಕಳು, ಅವರನ್ನು ಕಾರಣವಿಲ್ಲದೆ ಸೆರೆಗೆ ಹಾಕಬೇಡಿ, ಹಿಂಸೆ ಕೊಡಬೇಡಿ ಅಂತ ಅಧಿಕಾರಿಗಳಿಗೆ ಹೇಳುವ ಶಾಸನಗಳು. ಗಂಡನನ್ನು, ಮಗನನ್ನು ಕಳಕೊಂಡವರ ಎದುರಿಗೆ ಕೊಂದವನು ನನಗೆ ಬೇಜಾರಾಗಿದೆ ಅಂತ ಬರೆಸುವುದಕ್ಕೆ ನಾಚಿದನೋ, ರಾಜಕಾರಣವೋ, ಅದನ್ನು ನೀವು ಯೋಚಿಸಿ. ನಾನಂತೂ ಅಲ್ಲಿ ಬೇಜಾರಿನ ಮಾತು ಇಲ್ಲದೆ ಕೆಲಸದ ಮಾತು ಮಾತ್ರ ಇರುವುದನ್ನು ಗಮನಿಸುತ್ತೇನೆ.

ಇನ್ನೊಬ್ಬರ ಕಥೆ ಹೇಳುತ್ತೇನೆ. ಇದಕ್ಕೆ ಸ್ವಲ್ಪ ಸಮಯ ಬೇಕು.

1935ರ ಅಕ್ಟೋಬರ್ 13. ನಾಸಿಕ್ ಜಿಲ್ಲೆಯ ಯೇವಲೆ. ಬಾಬಾಸಾಹೇಬ್ ಅಂಬೇಡ್ಕರ್ ಅವರು ಸಭೆಯಲ್ಲಿ ಘೋಷಿಸಿದರು, ಹಿಂದೂವಾಗಿ ಹುಟ್ಟಿದ್ದು ನನ್ನ ಕೈಯಲ್ಲಿ ಇರಲಿಲ್ಲ, ಹಿಂದೂವಾಗಿ ಸಾಯುವುದಿಲ್ಲ. ದೇಶವೇ ಬೆಚ್ಚಿತು. ಎಲ್ಲರಿಗೂ ಇದು ಸಿಡಿಲು ಬಡಿದ ಹಾಗೆ ಕಂಡಿತು. ನಿಜವಾಗಿ ಅದಕ್ಕೆ ಮೊದಲು ಏನೇನು ಆಗಿತ್ತು ನೋಡಿ. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟುವ ಸತ್ಯಾಗ್ರಹ. 1930ರಿಂದ ನಾಸಿಕ್‌ನ ಕಾಳಾರಾಮ ದೇವಸ್ಥಾನದ ಬಾಗಿಲಲ್ಲಿ ಸತ್ಯಾಗ್ರಹ, ವರ್ಷಗಟ್ಟಲೆ. ಬಾಗಿಲು ತೆರೆಯಲಿಲ್ಲ. ಬಾಗಿಲ ಮುಂದೆ ಅಷ್ಟು ಕಾಲ ನಿಂತವರು ಬೆನ್ನು ತಿರುಗಿಸಿದರೆ ಅದನ್ನು ದಿಢೀರ್ ಅನ್ನುವುದಕ್ಕೆ ಆಗುತ್ತದೆಯೇ?

ಘೋಷಣೆ ಮಾಡಿದ ಮೇಲೆ ಬೌದ್ಧ ಧರ್ಮಕ್ಕೆ ಮತಾಂತರ ಆದದ್ದು ಯಾವಾಗ? 1956ರ ಅಕ್ಟೋಬರ್ 14, ನಾಗಪುರ. 21 ವರ್ಷ, ಒಂದು ದಿನ. ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ ಎದ್ದು ಕೇಳಿದ್ದ, "ಮೇಡಂ, ಅಷ್ಟು ವರ್ಷ ಅವರಿಗೆ ಅನುಮಾನ ಇತ್ತಾ?" ಒಳ್ಳೆಯ ಪ್ರಶ್ನೆ. ನಾನು ಆವಾಗ ಸರಿಯಾದ ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಬಿಡುವುದರಲ್ಲಿ ಅನುಮಾನ ಇರಲಿಲ್ಲ. ಎಲ್ಲಿಗೆ ಹೋಗುವುದು ಅನ್ನುವುದಕ್ಕೆ ಅವರು ಕಾಲ ತೆಗೆದುಕೊಂಡರು. ಸಿಖ್ ಧರ್ಮವನ್ನು ಗಂಭೀರವಾಗಿ ನೋಡಿದರು. ಬೇರೆ ಧರ್ಮದವರು ಕರೆದರು, ಅವರ ಮಾತು ಕೇಳಿದರು. ಓದಿದರು. 1950ರಲ್ಲಿ ಶ್ರೀಲಂಕಾಕ್ಕೆ, 1954ರಲ್ಲಿ ರಂಗೂನ್‌ಗೆ ಹೋಗಿ ಬೌದ್ಧರ ಬದುಕನ್ನು ಕಣ್ಣಾರೆ ಕಂಡುಬಂದರು. ಅವರೊಬ್ಬರ ಮಾತಾಗಿದ್ದರೆ ಬೇರೆ. ಹಿಂದೆ ಲಕ್ಷ ಲಕ್ಷ ಜನ ನಿಂತಿದ್ದರು. ಅಷ್ಟು ಜನರನ್ನು ಕರಕೊಂಡು ಮನೆ ಬಿಡುವವರು ಮುಂದಿನ ಮನೆಯ ತೊಲೆ, ಕಂಬ, ನೆಲ ಎಲ್ಲವನ್ನೂ ತಟ್ಟಿ ನೋಡಲೇಬೇಕು.

ಆದರೆ ನಮ್ಮವ್ವನ ಲೆಕ್ಕದಲ್ಲಿ ನೋಡಿ, ಕೈ ಏನು ಹೇಳುತ್ತಿತ್ತು? 1930ರ ದಶಕದ ಮೊದಲ ವರ್ಷಗಳಲ್ಲಿ ಅವರು ಮುಂಬಯಿಯ ದಾದರ್‌ನಲ್ಲಿ ಮನೆ ಕಟ್ಟಿಸಿದರು. ಪುಸ್ತಕಗಳಿಗೆಂದೇ ಕಟ್ಟಿಸಿದ ಮನೆ. ಅದಕ್ಕೆ ಇಟ್ಟ ಹೆಸರು ರಾಜಗೃಹ. ಬುದ್ಧ ಓಡಾಡಿದ ಊರಿನ ಹೆಸರು. ಯೇವಲೆಯ ಘೋಷಣೆ ಇನ್ನೂ ಆಗಿಲ್ಲ, ಆಗಲೇ ಬಾಗಿಲ ಮೇಲೆ ಆ ಹೆಸರು. 1946ರಲ್ಲಿ ಮುಂಬಯಿಯಲ್ಲಿ ಕಾಲೇಜು ಶುರು ಮಾಡಿದರು, ಹೆಸರು ಸಿದ್ಧಾರ್ಥ. ಔರಂಗಾಬಾದಿನ ಕಾಲೇಜಿಗೆ ಮಿಲಿಂದ, ಬೌದ್ಧ ಭಿಕ್ಷುವಿನ ಹತ್ತಿರ ಪ್ರಶ್ನೆ ಕೇಳಿದ ರಾಜನ ಹೆಸರು. ಇನ್ನೂ ಹಿಂದೆ ಹೋದರೆ 1907. ಹುಡುಗ ಭೀಮರಾವ್ ಮೆಟ್ರಿಕ್ ಪಾಸಾದ ಸಂತೋಷಕ್ಕೆ ಕೃಷ್ಣಾಜಿ ಅರ್ಜುನ ಕೇಳೂಸ್ಕರ್ ಅನ್ನುವ ಮೇಷ್ಟ್ರು ತಾವೇ ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಉಡುಗೊರೆ ಕೊಟ್ಟರು. ಅಲ್ಲಿಂದ ನಾಗಪುರಕ್ಕೆ 49 ವರ್ಷ. ಮೇಷ್ಟರಾಗಿದ್ದವರು ಇಲ್ಲಿ ಯಾರಾದರೂ ಇದ್ದರೆ ಕೇಳಿಸಿಕೊಳ್ಳಿ, ಮಕ್ಕಳಿಗೆ ಪುಸ್ತಕ ಕೊಡುವುದನ್ನು ಬಿಡಬೇಡಿ.

ಆ ಅಕ್ಟೋಬರ್ 14 ವಿಜಯದಶಮಿ. ಅಶೋಕನ ನೆನಪಿನಲ್ಲಿ ಅದನ್ನು ಅಶೋಕ ವಿಜಯದಶಮಿ ಅಂತ ಕರೆಯುತ್ತಾರೆ. ನಮ್ಮ ಅಕ್ಷರಗುಂಡಿನ ಅಶೋಕ ಅಲ್ಲಿ ಬಂದು ಸೇರಿಕೊಂಡ ನೋಡಿ. ಅದಾದ 53 ದಿನಕ್ಕೆ, ಡಿಸೆಂಬರ್ 6ರಂದು ಬಾಬಾಸಾಹೇಬರು ತೀರಿಕೊಂಡರು. ಹೇಳಿದ ಮಾತು ಉಳಿಸಿಕೊಂಡು ಹೋದರು. ಇದನ್ನು ಹೇಳುವಾಗ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತದೆ, ಕ್ಷಮಿಸಿ.

ಹಾಗಾದರೆ ನಿಜವಾಗಿ ದಿಢೀರ್ ಆಗುವ ನಿರ್ಧಾರ ಇಲ್ಲವೇ ಇಲ್ಲವಾ? ಇದೆ. ನನ್ನದೇ ಒಂದು ಹೇಳುತ್ತೇನೆ. ನನ್ನ ಮೊದಲ ಕೆಲಸ ಒಂದು ಖಾಸಗಿ ಕಾಲೇಜಿನಲ್ಲಿ. ಸೇರಿ ಎಂಟು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಆಡಳಿತ ಮಂಡಳಿಯ ಒಬ್ಬರು ಎಲ್ಲರ ಮುಂದೆ ನನ್ನನ್ನು ಹೀಯಾಳಿಸಿದರು. ತಪ್ಪು ನನ್ನದಲ್ಲ. ನಾನು ನೋಟ್‌ಬುಕ್ಕಿನ ಹಾಳೆ ಹರಿದು, ನಾಲ್ಕು ಸಾಲು ರಾಜೀನಾಮೆ ಬರೆದು, ಮೇಜಿನ ಮೇಲೆ ಇಟ್ಟು ಬಸ್ ಹತ್ತಿದೆ. ಬಸ್ಸಿನಲ್ಲಿ ಕೂತಾಗ ಬಹಳ ಹಗುರ ಅನ್ನಿಸಿತು. ಆ ಹಗುರ ನಾಲ್ಕು ದಿನ ಇತ್ತು. ಆಮೇಲೆ ಎರಡು ವರ್ಷ ಕೆಲಸ ಇಲ್ಲ. ತಮ್ಮನ ಫೀಸು ಕಟ್ಟುವುದಕ್ಕೆ ಅವ್ವನ ಓಲೆ ಅಡ ಇಡಬೇಕಾಯಿತು.

ಸ್ವಾಭಿಮಾನದ ದೊಡ್ಡ ನಿರ್ಧಾರ ಅಂತ ಅದನ್ನು ನಾನು ಬಹಳ ದಿನ ಹೊತ್ತುಕೊಂಡು ತಿರುಗಿದೆ. ಅವ್ವ ಎತ್ತಿನ ಕಥೆ ಹೇಳಿದ ಮೇಲೆ ಆ ದಿನಗಳನ್ನು ಮತ್ತೆ ನೋಡಿದೆ. ರಾಜೀನಾಮೆ ಕೊಟ್ಟ ವಾರವೇ ನಾನು ಆ ಊರಿನಲ್ಲಿ ಬಾಡಿಗೆ ಮನೆಗೆ ಅಡ್ವಾನ್ಸ್ ಕೊಟ್ಟಿದ್ದೆ. ಹೊಸ ಸೀಮೆಎಣ್ಣೆ ಸ್ಟೌ ತಂದಿದ್ದೆ. ಮುಂದಿನ ವರ್ಷದ ಪಾಠಕ್ಕೆ ಟಿಪ್ಪಣಿ ಬರೆಯಲು ಶುರು ಮಾಡಿದ್ದೆ. ನನ್ನ ಕೈ ಪೂರ್ತಿ ಅಲ್ಲೇ ಇರುವ ತಯಾರಿಯಲ್ಲಿತ್ತು. ಬಾಯಿ ಮಾತ್ರ ಬಿಟ್ಟು ಬಂತು. ಅದು ನಿರ್ಧಾರ ಆಗಿರಲಿಲ್ಲ, ಸಿಟ್ಟು. ಮಾರನೇ ದಿನ ಹೋಗಿ, ಹೀಯಾಳಿಸಿದ್ದು ತಪ್ಪು ಅಂತ ಅವರ ಎದುರೇ ಹೇಳಿ, ಕೆಲಸ ಮುಂದುವರಿಸಬಹುದಿತ್ತು. ಹಾಗೆ ಹೇಳುವುದಕ್ಕೆ ರಾಜೀನಾಮೆಗಿಂತ ಜಾಸ್ತಿ ಧೈರ್ಯ ಬೇಕಿತ್ತು.

ಹಾಳೆಯ ಮಾತು ಬಂತಲ್ಲ, ಇನ್ನೊಂದು ಹಾಳೆಯ ಕಥೆ. 1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಒಬ್ಬ ಶ್ರೀಮಂತನ ಕಡೆಯಿಂದ ಕೆಲಸದ ಕರೆ ಬಂತು. ಹೋಗಲೋ ಬೇಡವೋ ಅಂತ ಬೆಂಜಮಿನ್ ಫ್ರಾಂಕ್ಲಿನ್‌ರನ್ನು ಕೇಳಿದರು. ಫ್ರಾಂಕ್ಲಿನ್ ಪತ್ರ ಬರೆದರು. ಏನು ಮಾಡಬೇಕು ಅಂತ ಹೇಳಲಾರೆ, ಹೇಗೆ ನಿರ್ಧರಿಸಬೇಕು ಅಂತ ಹೇಳುತ್ತೇನೆ. ಹಾಳೆಯ ನಡುವೆ ಗೆರೆ ಎಳಿ. ಒಂದು ಕಡೆ ಪರ, ಒಂದು ಕಡೆ ವಿರೋಧ. ಮೂರು ನಾಲ್ಕು ದಿನ ಹೊಳೆದದ್ದನ್ನು ಬರೀತಾ ಹೋಗು. ಆಮೇಲೆ ಸಮ ತೂಕದವನ್ನು ಎರಡೂ ಕಡೆಯಿಂದ ಹೊಡೆದು ಹಾಕು. ಉಳಿದದ್ದೇ ಉತ್ತರ. ಪ್ರೀಸ್ಟ್ಲಿ ಕೆಲಸಕ್ಕೆ ಹೋದರು. ಅಲ್ಲಿದ್ದಾಗಲೇ, 1774ರಲ್ಲಿ, ಆಮ್ಲಜನಕದ ಮೇಲಿನ ಅವರ ಹೆಸರಾದ ಪ್ರಯೋಗ ನಡೆಯಿತು.

ನನಗೆ ಇದರಲ್ಲಿ ಗೆರೆಗಿಂತ ಆ ಮೂರು ನಾಲ್ಕು ದಿನ ಮುಖ್ಯ ಅನ್ನಿಸುತ್ತದೆ. ಸೋಮವಾರ ದೊಡ್ಡದಾಗಿ ಕಂಡದ್ದು ಗುರುವಾರ ಚಿಕ್ಕದಾಗಿರುತ್ತದೆ. ಒಂದೇ ಕೂರಿಕೆಯಲ್ಲಿ ಬರೆದ ಪಟ್ಟಿ ಆವತ್ತಿನ ಮನಸ್ಸಿನ ಫೋಟೋ ಅಷ್ಟೇ.

ಚಾರ್ಲ್ಸ್ ಡಾರ್ವಿನ್ ಕೂಡ 1838ರಲ್ಲಿ ಇಂಥದೊಂದು ಪಟ್ಟಿ ಬರೆದರು. ಮದುವೆ ಆಗುವುದಾ, ಬೇಡವಾ. ಬೇಡ ಅನ್ನುವ ಕಡೆ ಸಮಯ ಹಾಳು, ಪುಸ್ತಕಕ್ಕೆ ದುಡ್ಡು ಕಡಿಮೆ, ಹೀಗೆಲ್ಲ ಬರೆದರು. ಬೇಕು ಅನ್ನುವ ಕಡೆ ಮಕ್ಕಳು, ಮುಪ್ಪಿನಲ್ಲಿ ಜೊತೆ. ಕೊನೆಗೆ ಮದುವೆ, ಮದುವೆ, ಮದುವೆ ಅಂತ ಮೂರು ಸಲ ಬರೆದರು. ಮೂರು ಸಲ ಬರೆದವರು ಲೆಕ್ಕ ಹಾಕಿ ಬರೆದಿದ್ದಾರೆ ಅಂತ ನನಗಂತೂ ನಂಬಿಕೆ ಇಲ್ಲ. ಬೇಕು ಅನ್ನುವುದು ಒಳಗೆ ಮೊದಲೇ ಕೂತಿತ್ತು. 1839ರ ಜನವರಿಯಲ್ಲಿ ಎಮ್ಮಾ ಅವರನ್ನು ಮದುವೆಯಾದರು. ಹತ್ತು ಮಕ್ಕಳಾದವು.

ಬರೀ ಲೆಕ್ಕದಿಂದ ನಿರ್ಧಾರ ಆಗುವುದಿಲ್ಲ ಅನ್ನುವುದಕ್ಕೆ ನರವಿಜ್ಞಾನಿ ಆಂಟೋನಿಯೋ ಡಮಾಸಿಯೋ ಒಬ್ಬ ರೋಗಿಯ ವಿಷಯ ಹೇಳುತ್ತಾರೆ. ಮಿದುಳಿನ ಮುಂಭಾಗದಲ್ಲಿ, ಭಾವನೆಗೂ ಯೋಚನೆಗೂ ಕೊಂಡಿ ಇರುವ ಜಾಗದಲ್ಲಿ ಅವನಿಗೆ ಪೆಟ್ಟಾಗಿತ್ತು. ಬುದ್ಧಿ ಚುರುಕಾಗಿಯೇ ಇತ್ತು. ಮುಂದಿನ ಭೇಟಿಗೆ ಡಾಕ್ಟರು ಎರಡು ತಾರೀಖು ಕೊಟ್ಟು, ಯಾವತ್ತು ಬರುತ್ತೀರಿ ಅಂತ ಕೇಳಿದರು. ಅವನು ಡೈರಿ ತೆಗೆದು ಸುಮಾರು ಅರ್ಧ ಗಂಟೆ ಎರಡು ದಿನಗಳ ಪರ ವಿರೋಧ ಹೇಳುತ್ತಾ ಹೋದ. ಬೇರೆ ಕೆಲಸ ಏನಿದೆ, ಹವಾಮಾನ ಹೇಗಿರಬಹುದು, ಎಲ್ಲ. ಕೊನೆಗೆ ಡಾಕ್ಟರೇ ಎರಡನೇ ದಿನ ಬನ್ನಿ ಅಂದರು. ಅವನು ಸರಿ ಅಂತ ಡೈರಿ ಮುಚ್ಚಿ ಹೋದ. ಕಾರಣ ಎಷ್ಟು ಬೇಕಾದರೂ ಇತ್ತು. ಸಾಕು ಅಂತ ಒಳಗಿಂದ ಹೇಳುವವರು ಇರಲಿಲ್ಲ.

ನಮ್ಮಲ್ಲಿ ಇದಕ್ಕೆ ಒಂದು ಹಳೆಯ ದಾರಿ ಇದೆ. ದೇವರ ಹತ್ತಿರ ಪ್ರಸಾದ ಕೇಳುವುದು. ಹೂ ಬಲಗಡೆ ಬಿದ್ದರೆ ಆಗಬಹುದು, ಎಡಗಡೆ ಬಿದ್ದರೆ ಬೇಡ. ಮದುವೆ, ಜಮೀನು, ಬಾವಿ ತೆಗೆಸುವುದು, ಎಲ್ಲದಕ್ಕೂ ಕೇಳುತ್ತಾರೆ. ಓದಿದವರು ಇದನ್ನು ಮೂಢನಂಬಿಕೆ ಅಂತ ತಳ್ಳಿಬಿಡುತ್ತಾರೆ. ನಾನು ಹಾಗೆ ತಳ್ಳುವುದಿಲ್ಲ. ನಮ್ಮ ಚಿಕ್ಕಮ್ಮ ಮಗಳ ಸಂಬಂಧಕ್ಕೆ ಪ್ರಸಾದ ಕೇಳಲು ಹೋಗಿದ್ದಾಗ ನಾನೂ ಜೊತೆಗಿದ್ದೆ. ಹೂ ಬಲಕ್ಕೆ ಬಿತ್ತು. ಚಿಕ್ಕಮ್ಮನ ಮುಖ ಬಾಡಿತು. "ಪೂಜಾರಪ್ಪ, ಇನ್ನೊಂದು ಸಲ ಕೇಳಾಣ" ಅಂದಳು. ಮತ್ತೆ ಬಲಕ್ಕೇ ಬಿತ್ತು. "ಇವತ್ತು ದಿನ ಸರಿ ಇಲ್ಲವೇನೋ" ಅಂತ ಎದ್ದಳು. ಪೂಜಾರಿ ಬಹಳ ತಿಳಿದ ಮನುಷ್ಯ. "ತಾಯಿ ಹೇಳಿದ್ದು ಆತು ಕಣಕ್ಕ. ಈಗ ನೀನು ಹೇಳು" ಅಂದ. ಚಿಕ್ಕಮ್ಮ ಅಲ್ಲೇ ಕೂತು ಅತ್ತುಬಿಟ್ಟಳು. ಆ ಸಂಬಂಧ ಅವಳಿಗೆ ಮೊದಲಿಂದಲೂ ಬೇಡವಾಗಿತ್ತು, ಗಂಡನ ಎದುರು ಹೇಳಲಾಗಿರಲಿಲ್ಲ.

ಇದೇ ಕೆಲಸವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ನಾಣ್ಯ ಇಟ್ಟುಕೊಂಡು ಮಾಡಿದರು. ಕೆಲಸ ಬಿಡಲೋ, ಸಂಬಂಧ ಮುರಿಯಲೋ ಅಂತ ತೂಗಾಡುತ್ತಿದ್ದ ಜನರಿಗೆ ಕಂಪ್ಯೂಟರಿನಲ್ಲಿ ನಾಣ್ಯ ಚಿಮ್ಮಿಸಿದರು. 20,000ಕ್ಕೂ ಹೆಚ್ಚು ಸಲ. ಆರು ತಿಂಗಳಾದ ಮೇಲೆ ಅವರನ್ನು ವಿಚಾರಿಸಿದರು. ದೊಡ್ಡ ವಿಷಯಗಳಲ್ಲಿ ಬದಲಾವಣೆ ಮಾಡಿಕೊಂಡವರು, ಇದ್ದಲ್ಲೇ ಇದ್ದವರಿಗಿಂತ ಹೆಚ್ಚು ಸಂತೋಷವಾಗಿದ್ದರು. ಇದನ್ನು ಕೇಳಿ ನಾಳೆಯೇ ಯಾರೂ ನಾಣ್ಯ ಚಿಮ್ಮಬೇಡಿ. ನನಗೆ ಕಾಣುವ ಸಂಗತಿ ಬೇರೆ. ನಾಣ್ಯದ ಹತ್ತಿರ ಬಂದವರು ಯಾರು? ತಮ್ಮ ನೊಗಕ್ಕೆ ಆಗಲೇ ತಂತಿ ಸುತ್ತಿದವರು. ಚೆನ್ನಾಗಿರುವ ನೊಗ ಹಿಡಕೊಂಡು ಯಾರೂ ನಾಣ್ಯ ಚಿಮ್ಮಲು ಬರುವುದಿಲ್ಲ.

ಇಲ್ಲಿ ಮಕ್ಕಳನ್ನು ಕರಕೊಂಡು ಬಂದಿರುವ ತಂದೆ ತಾಯಿಯರಿಗೆ ಒಂದು ಮಾತು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ನಾನು ಕಂಡ ಅತ್ಯಂತ ಅವಸರದ ದೊಡ್ಡ ನಿರ್ಧಾರ ಯಾವುದು ಗೊತ್ತಾ? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲಿನ ಕೆಲವು ದಿನ. ಮಗುವಿಗೆ ಹದಿನೈದೋ ಹದಿನಾರೋ ವರ್ಷ. ನಂಬರು ಇಷ್ಟು ಬಂತು, ಅದಕ್ಕೇ ಸೈನ್ಸು. ನಂಬರು ಕಡಿಮೆ ಬಂತು, ಅದಕ್ಕೇ ಆರ್ಟ್ಸು. ಅರ್ಜಿ ತುಂಬುವ ಕೌಂಟರಿನಲ್ಲಿ ಅಪ್ಪ ಮಾತಾಡುತ್ತಾನೆ, ಮಗು ಅವನ ಬೆನ್ನ ಹಿಂದೆ ನಿಂತಿರುತ್ತದೆ. ಒಂದು ಹುಡುಗಿ ನನಗೆ ಇನ್ನೂ ನೆನಪಿದ್ದಾಳೆ. ಅವಳ ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಗಳ ತುಂಬ ಊರಿನ ವೀರಗಲ್ಲುಗಳ ಚಿತ್ರ ಬರೆದಿದ್ದಳು. ಯಾವ ಕಲ್ಲು ಯಾರ ಹೊಲದಲ್ಲಿದೆ ಅಂತ ಗುರುತು ಹಾಕಿದ್ದಳು. ಎರಡು ವರ್ಷ ಪಿಸಿಎಂಬಿಯಲ್ಲಿ ಕಷ್ಟಪಟ್ಟು ಆಮೇಲೆ ಬಿಎ ಸೇರಿದಳು. ಆ ನೋಟ್‌ಬುಕ್ಕನ್ನು ಮೊದಲೇ ಯಾರಾದರೂ ಹಿಂದಿನಿಂದ ತಿರುವಿ ಹಾಕಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

2013ರಲ್ಲಿ ಕ್ವಾಡ್‌ಬಾಕ್, ಗಿಲ್ಬರ್ಟ್, ವಿಲ್ಸನ್ ಅನ್ನುವ ಮೂವರು ಮನೋವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. 18ರಿಂದ 68 ವಯಸ್ಸಿನ 19,000ಕ್ಕೂ ಹೆಚ್ಚು ಜನ. ಕಳೆದ ಹತ್ತು ವರ್ಷದಲ್ಲಿ ನೀವು ಎಷ್ಟು ಬದಲಾದಿರಿ ಅಂದರೆ ಬಹಳ ಅಂದರು. ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾಗಬಹುದು ಅಂದರೆ ಅಷ್ಟೇನಿಲ್ಲ ಅಂದರು. ಎಲ್ಲ ವಯಸ್ಸಿನವರೂ ಹಾಗೇ ಅಂದರು. ನಾವು ಈಗ ಇರುವವರೇ ಕೊನೆಯವರು ಅನ್ನುವ ಹಾಗೆ ಬದುಕುತ್ತೇವೆ. ಹದಿನಾರರ ಹುಡುಗಿಯ ಪರವಾಗಿ ನಲವತ್ತರ ಅಪ್ಪ ಸಹಿ ಹಾಕುವಾಗ ಇದನ್ನು ಸ್ವಲ್ಪ ನೆನೆಸಿಕೊಂಡರೆ ಒಳ್ಳೆಯದು.

ಕೊನೆಯದಾಗಿ ಕಾನೂನಿನ ವಿಷಯ. ಬೇಗ ಹೇಳಿ ಮುಗಿಸುತ್ತೇನೆ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಪ್ರಕಾರ ಗಂಡ ಹೆಂಡತಿ ಇಬ್ಬರೂ ಒಪ್ಪಿ ವಿಚ್ಛೇದನ ಕೇಳಬಹುದು. ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೂ ಆರು ತಿಂಗಳು ಕಾಯಬೇಕು. ಬಾಯಿ ಹೇಳಿದ್ದು ಸಿಟ್ಟೋ ನಿರ್ಧಾರವೋ ನೋಡೋಣ ಅಂತ ಕಾನೂನು ಆ ಸಮಯ ಕೊಡುತ್ತದೆ. ನನಗೆ ಅಂದು ಯಾರಾದರೂ ಆರು ದಿನ ಕೊಟ್ಟಿದ್ದರೂ ಸಾಕಿತ್ತು. ಆದರೆ 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸೇರಿಸಿತು. ಅವರು ಬೇರೆಯಾಗಿ ಆಗಲೇ ಒಂದೂವರೆ ವರ್ಷ ಕಳೆದಿದ್ದರೆ, ರಾಜಿ ಪ್ರಯತ್ನ ಸೋತಿದ್ದರೆ, ಮಕ್ಕಳ ಮತ್ತು ಜೀವನಾಂಶದ ವಿಷಯ ತೀರ್ಮಾನ ಆಗಿದ್ದರೆ, ಕಾಯುವುದರಿಂದ ನೋವಷ್ಟೇ ಜಾಸ್ತಿ ಆಗುವುದಾದರೆ, ಆ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು. ನ್ಯಾಯಾಧೀಶರು ಅರ್ಜಿಯ ತಾರೀಖನ್ನು ಮಾತ್ರ ನೋಡದೆ ಅದರ ಹಿಂದಿನ ದಿನಗಳನ್ನೂ ನೋಡುತ್ತಾರೆ. ನಮ್ಮವ್ವ ಹಗ್ಗದ ಗಂಟು ಎಣಿಸಿದ ಹಾಗೆ.

ಈ ಮಾತಿಗೆ ತಯಾರಿ ಮಾಡುವಾಗ ನಾನು ನನ್ನ ಕೈಯನ್ನೂ ನೋಡಿಕೊಂಡೆ. ಊರಿನಲ್ಲಿ ನಮ್ಮ ಹಳೆಯ ಮಾಳಿಗೆ ಮನೆ ಇದೆ. ಅವ್ವ ಹೋದ ಮೇಲೆ ಬೀಗ ಹಾಕಿದೆ. ಮಾರೋಣವೋ, ಇಟ್ಟುಕೊಳ್ಳೋಣವೋ ಅಂತ ತಮ್ಮ ಮೂರು ವರ್ಷದಿಂದ ಕೇಳುತ್ತಿದ್ದಾನೆ. ನಾನು "ಇನ್ನೂ ಯೋಚನೆ ಮಾಡಿಲ್ಲಪ್ಪ" ಅನ್ನುತ್ತಿದ್ದೇನೆ. ಮಾಳಿಗೆ ಮನೆ ಇರುವವರಿಗೆ ಗೊತ್ತು, ಮಳೆಗಾಲಕ್ಕೆ ಮುಂಚೆ ಮೇಲೆ ಕರಲು ಮಣ್ಣು ಹಾಕಿಸಬೇಕು, ಇಲ್ಲದಿದ್ದರೆ ಸೋರುತ್ತದೆ. ಹೋದ ವರ್ಷ ನಾನು ಹಾಕಿಸಲಿಲ್ಲ. ಈ ವರ್ಷವೂ ಹಾಕಿಸಿಲ್ಲ. ಆದರೆ ಪ್ರತಿ ಸಲ ಊರಿಗೆ ಹೋದಾಗ ಅಪ್ಪನ ಆ ಎರಡು ಹಗ್ಗ ಗೂಟದಲ್ಲಿ ಇವೆಯಾ ಅಂತ ನೋಡಿ, ಧೂಳು ಕೊಡವಿ, ಮತ್ತೆ ಅಲ್ಲೇ ತೂಗುಹಾಕಿ ಬರುತ್ತೇನೆ.

ಬರುವ ಭಾನುವಾರ ಹೋಗುತ್ತಿದ್ದೇನೆ. ತಮ್ಮನಿಗೂ ಬಾ ಅಂತ ಹೇಳಿದ್ದೇನೆ. ಇಬ್ಬರೂ ಏಣಿ ಹಾಕಿಕೊಂಡು ಮಾಳಿಗೆ ಹತ್ತಿ ನೋಡುತ್ತೇವೆ.